ಅವ್ವನ ಬೋರಮಾಳಕ್ಕೆ ತಕ್ಕಡಿ ಹೇಳಿದ ಬೆಲೆ

ಹಾಸ್ಟೆಲ್ ರೂಮಿನಲ್ಲಿ ಒಬ್ಬರ ಪಾಲಿಗೆ ಬರುವುದು ಒಂದು ಮಂಚ, ಅರ್ಧ ಕಪಾಟು, ಮಂಚದ ಕೆಳಗೆ ಟ್ರಂಕ್ ಇಡುವಷ್ಟು ಜಾಗ. ಲ್ಯಾಬ್ ಕೋಟ್, ಡ್ರಾಫ್ಟರ್, ರೆಕಾರ್ಡ್ ಬುಕ್ಕು, ಬಟ್ಟೆ ಎಲ್ಲ ಇಟ್ಟ ಮೇಲೆ ಉಳಿಯುವುದು ಒಂದು ಮೊಳ ಅಷ್ಟೇ. ಆ ಒಂದು ಮೊಳದಲ್ಲಿ ಯಾರು ಏನು ಇಟ್ಟುಕೊಂಡಿರುತ್ತಾರೆ ಎಂಬುದನ್ನು ನೋಡಬೇಕು. ನಾನು ಹುಮನಾಬಾದಿನಿಂದ ಬಸ್ ಪಾಸ್ ಹಿಡಿದು ಬಸವಕಲ್ಯಾಣಕ್ಕೆ ಓಡಾಡುವವಳು. ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಗೆಳತಿಯರ ರೂಮಿನಲ್ಲಿ ಉಳಿಯುತ್ತೇನೆ. ಹಾಗೆ ಉಳಿದಾಗಲೇ ಇದೆಲ್ಲ ಕಣ್ಣಿಗೆ ಬಿದ್ದದ್ದು.

ಒಬ್ಬಳ ಬಳಿ ಅವಳ ಆಯಿ ಹೊಲಿದ ಕೌದಿ ಇದೆ. ಮೇ ತಿಂಗಳಲ್ಲಿ ಫ್ಯಾನ್ ಕೂಡ ಬಿಸಿಗಾಳಿ ಬೀಸುವಾಗಲೂ ಅದು ಊರಿಗೆ ವಾಪಸ್ ಹೋಗುವುದಿಲ್ಲ, ಮಡಚಿ ತಲೆದಿಂಬು ಮಾಡಿಕೊಳ್ಳುತ್ತಾಳೆ. ಇನ್ನೊಬ್ಬಳ ಕಂಪಾಸ್ ಡಬ್ಬಿಯಲ್ಲಿ ಮುಚ್ಚಳ ಸೀಳಿದ ಹೀರೋ ಪೆನ್ನು. ಇಂಕು ಸೋರುತ್ತದೆ. ಬರೆಯುವುದು ಜೆಲ್ ಪೆನ್ನಿನಲ್ಲಿ, ಆದರೆ ಪರೀಕ್ಷೆಯ ದಿನ ಹೀರೋ ಪೆನ್ನು ಜೊತೆಗಿರಲೇಬೇಕು! ನಮ್ಮ ಕ್ಲಾಸಿನ ಒಬ್ಬ ಹುಡುಗ ಕಟ್ಟುವುದು ಅವನ ಅಪ್ಪನ ಎಚ್‌ಎಂಟಿ ವಾಚು. ದಿನಾ ಬೆಳಿಗ್ಗೆ ಕೀ ಕೊಡಬೇಕು. ಬೆಂಗಳೂರಿನಲ್ಲಿ 1961ರಲ್ಲಿ ಶುರುವಾದ ಎಚ್‌ಎಂಟಿ ವಾಚುಗಳ ತಯಾರಿಕೆಯನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಕಂಪನಿ ನಿಂತರೂ ಅವನ ಕೈಯಲ್ಲಿರುವುದು ನಡೆಯುತ್ತಲೇ ಇದೆ. 'ಫೋನಿನ್ಯಾಗ ಟೈಮ್ ಅದಲ್ಲ, ಇದ್ಯಾಕ?' ಎಂದು ಕೇಳಿದರೆ, 'ಟೈಮ್ ನೋಡ್ಲಾಕ ಅಲ್ಲ. ಇದು ಕಟ್ಟಿದ್ರ ಅಪ್ಪ ಜೋಡಿ ಬಂದಂಗ ಆಗ್ತದ' ಅನ್ನುತ್ತಾನೆ.

ಕೌದಿ, ಪೆನ್ನು, ವಾಚು ಮೂರನ್ನೂ ಸೇರಿಸಿ ಮಾರಿದರೂ ಒಂದು ತಿಂಗಳ ಮೆಸ್ ಬಿಲ್ ಹುಟ್ಟುವುದಿಲ್ಲ. ಆದರೆ ಕಳೆದುಹೋದರೆ ಮೂವರೂ ಊಟ ಬಿಟ್ಟು ಹುಡುಕುತ್ತಾರೆ. ಹಾಗಾದರೆ ಆ ಬೆಲೆ ಇರುವುದು ಎಲ್ಲಿ? ವಸ್ತುವಿನಲ್ಲೋ, ನಮ್ಮ ತಲೆಯಲ್ಲೋ?

ಕಾಫಿ ಕಪ್ಪಿನ ಲೆಕ್ಕ

ಈ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞರೂ ಕೇಳಿದ್ದಾರೆ. ಡೇನಿಯಲ್ ಕಾನೆಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ ಎಂಬ ಮೂವರು 1990ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಪ್ರಸಿದ್ಧ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಲ್ಲಿ ಅರ್ಧ ಜನರಿಗೆ ಒಂದೊಂದು ಕಾಫಿ ಕಪ್ ಕೊಟ್ಟರು. ಕಪ್ ಸಿಕ್ಕವರಿಗೆ 'ಎಷ್ಟಕ್ಕೆ ಮಾರುತ್ತೀರಿ?' ಎಂದು ಕೇಳಿದರು, ಸಿಗದವರಿಗೆ 'ಎಷ್ಟು ಕೊಟ್ಟು ಕೊಳ್ಳುತ್ತೀರಿ?' ಎಂದು ಕೇಳಿದರು. ಮಾರುವವರು ಹೇಳಿದ ಬೆಲೆ ಕೊಳ್ಳುವವರು ಹೇಳಿದ್ದರ ಎರಡು ಪಟ್ಟಿಗೂ ಹೆಚ್ಚಿತ್ತು. ಕಪ್ ಅದೇ. ಅದು 'ನನ್ನದು' ಆಗಿ ಕೆಲವೇ ನಿಮಿಷಗಳಾಗಿದ್ದವು ಅಷ್ಟೇ. ಥೇಲರ್ ಇದಕ್ಕೆ 1980ರಲ್ಲೇ 'ಎಂಡೋಮೆಂಟ್ ಎಫೆಕ್ಟ್' ಎಂದು ಹೆಸರಿಟ್ಟಿದ್ದರು. ಕಾನೆಮನ್ ಅವರಿಗೆ 2002ರಲ್ಲಿ, ಥೇಲರ್ ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಇನ್ನೊಂದು ಪ್ರಯೋಗ ನನಗೆ ಇದಕ್ಕಿಂತ ಇಷ್ಟ. ಬ್ರೂಸ್ ಹುಡ್ ಮತ್ತು ಪಾಲ್ ಬ್ಲೂಮ್ ಎಂಬ ಮನಶ್ಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ್ದು. ಮೂರರಿಂದ ಆರು ವರ್ಷದ ಮಕ್ಕಳ ಮುಂದೆ ದೀಪ ಹೊತ್ತಿಸುವ ಎರಡು ಪೆಟ್ಟಿಗೆ ಇಟ್ಟು, 'ಇದು ಯಾವ ವಸ್ತುವನ್ನಾದರೂ ಹಾಗೇ ಇನ್ನೊಂದು ಮಾಡಿಕೊಡುವ ಮಷೀನು' ಎಂದು ನಂಬಿಸಿದರು. ಸಾಮಾನ್ಯ ಆಟಿಕೆಯಾದರೆ ಮಕ್ಕಳು ತಕರಾರಿಲ್ಲದೆ ನಕಲನ್ನೂ ತೆಗೆದುಕೊಂಡವು. ದಿನಾ ತಬ್ಬಿಕೊಂಡು ಮಲಗುವ ಗೊಂಬೆಯ ಸರದಿ ಬಂದಾಗ ಮಾತು ಬದಲಾಯಿತು. ಕೆಲವು ಮಕ್ಕಳು ಅದನ್ನು ಪೆಟ್ಟಿಗೆಯಲ್ಲಿ ಇಡಲೇ ಬಿಡಲಿಲ್ಲ. ಬಿಟ್ಟವರಲ್ಲೂ ಹೆಚ್ಚಿನವರು ಅಸಲಿಯನ್ನೇ ವಾಪಸ್ ಕೇಳಿದರು.

ನಮ್ಮ ಎಂಜಿನಿಯರಿಂಗ್ ಪಾಠ ಇದಕ್ಕೆ ಪೂರ್ತಿ ಉಲ್ಟಾ. ಒಂದೇ ಡ್ರಾಯಿಂಗ್, ಟಾಲರೆನ್ಸ್ ಒಳಗಿನ ಅಳತೆ, ಅದೇ ಲೋಹ ಎಂದರೆ ಒಂದು ಬೋಲ್ಟಿನ ಜಾಗದಲ್ಲಿ ಇನ್ನೊಂದು ನಡೆದೇ ನಡೆಯುತ್ತದೆ. ಕಾರ್ಖಾನೆಗಳೆಲ್ಲ ನಿಂತಿರುವುದು ಆ ನಂಬಿಕೆಯ ಮೇಲೆ. ಆದರೆ ಮನೆಯೊಳಗೆ ಕೆಲವು ವಸ್ತುಗಳಿಗೆ ಸ್ಪೇರ್ ಪಾರ್ಟ್ ಇಲ್ಲ. ಅದನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ಹುಮನಾಬಾದಿನ ಒಂದು ಬ್ಯಾಂಕಿನ ಕೌಂಟರಿನಲ್ಲಿ ನೋಡಿದ್ದೆ.

'ಗುಂಡು ಬದಲಾಗಂಗಿಲ್ಲಲ್ರಿ?'

ನಮ್ಮ ಕಡೆಯ ಒಕ್ಕಲುತನದ ಮನೆಗಳಲ್ಲಿ ಕಾಲೇಜಿನ ಕ್ಯಾಲೆಂಡರಿಗೂ ಹೊಲದ ಕ್ಯಾಲೆಂಡರಿಗೂ ಎಂದೂ ಹೊಂದುವುದಿಲ್ಲ. ನಾನು ಎರಡನೇ ವರ್ಷಕ್ಕೆ ಬಂದಾಗ ಫೀ ಕಟ್ಟುವ ಕೊನೆಯ ದಿನ ಇದ್ದದ್ದು ಸೆಪ್ಟೆಂಬರಿನಲ್ಲಿ. ಸೋಯಾ ರಾಶಿಯಾಗಿ ರೊಕ್ಕ ಕೈಗೆ ಬರುವುದು ದಸರೆಯ ನಂತರ. ಅವ್ವ ಟ್ರಂಕಿನ ತಳದಿಂದ ಬೋರಮಾಳ ತೆಗೆದಳು.

ಅದು ಎರಡು ತೊಲಿ ಚಿಲ್ಲರೆ ತೂಕದ್ದು. ತೊಗರಿ ಚೆನ್ನಾಗಿ ಬಂದ ಒಂದು ವರ್ಷ ನಮ್ಮ ಆಯಿ, ಅಂದರೆ ಅವ್ವನ ಅವ್ವ, ಪತ್ತಾರರ ಬಳಿ ಕೂತು ಮಾಡಿಸಿದ್ದು. ಮದುವೆಯಲ್ಲಿ ಅವ್ವನಿಗೆ ಬಂತು. ಒಂದು ಗುಂಡಿನ ಮೇಲೆ ಸಣ್ಣ ತಗ್ಗು ಇದೆ. ಹಲ್ಲು ಬರುವಾಗ ನಾನು ಕಚ್ಚಿದ್ದು ಎಂದು ಅವ್ವ ಹೇಳುತ್ತಾಳೆ.

ಬ್ಯಾಂಕಿನ ಬಂಗಾರ ಪರೀಕ್ಷೆ ಮಾಡುವವರು ಅದನ್ನು ಒರೆಗಲ್ಲಿಗೆ ಉಜ್ಜಿ, ತಕ್ಕಡಿಗಿಟ್ಟು, ಚೀಟಿಯ ಮೇಲೆ ಬರೆದುಕೊಂಡರು. 'ಒಳಗ ಅರಗು ಅದ, ಅದರ ತೂಕ ಹೋಗ್ತದ. ದಾರದ್ದೂ ಹೋಗ್ತದ. ಹಳೀ ಸಾಮಾನು, ಹಾಲ್‌ಮಾರ್ಕ್ ಇಲ್ಲ' ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಒಡವೆಯಲ್ಲಿರುವ ಕಲ್ಲು, ಅರಗು, ದಾರ ಬಿಟ್ಟು ನಿವ್ವಳ ಬಂಗಾರಕ್ಕಷ್ಟೇ ಸಾಲ ಸಿಗುತ್ತದೆ. ಅದರಲ್ಲೂ ಪೂರ್ತಿ ಬೆಲೆಗಲ್ಲ. ರಿಸರ್ವ್ ಬ್ಯಾಂಕ್ ನಿಯಮದಂತೆ ಆಗ ಬಂಗಾರದ ಮೌಲ್ಯದ ಶೇ 75ರವರೆಗೆ ಮಾತ್ರ ಸಾಲ. ಇನ್ನು ಹಾಲ್‌ಮಾರ್ಕ್ ವಿಚಾರ. 2023ರ ಏಪ್ರಿಲ್ 1ರಿಂದ ಅಂಗಡಿಯಲ್ಲಿ ಮಾರುವ ಬಂಗಾರದ ಒಡವೆಗೆ ಆರು ಅಕ್ಷರ–ಅಂಕಿಗಳ ಗುರುತಿನ ಸಂಖ್ಯೆ ಕಡ್ಡಾಯ. ಆ ಸಂಖ್ಯೆ ನೋಡಿದರೆ ಒಡವೆಯ ಶುದ್ಧತೆ ಎಷ್ಟು, ಯಾವ ಕೇಂದ್ರದಲ್ಲಿ ಪರೀಕ್ಷೆಯಾಯಿತು ಎಲ್ಲ ಗೊತ್ತಾಗುತ್ತದೆ. ಆಯಿ ಮಾಡಿಸಿದ ಕಾಲದ ಒಡವೆಗೆ ಅಂಥ ಸಂಖ್ಯೆ ಎಲ್ಲಿಂದ ಬರಬೇಕು? ಅದಕ್ಕಿದ್ದ ಗುರುತು ಎಂದರೆ ಆ ಹಲ್ಲಿನ ತಗ್ಗು ಒಂದೇ.

ಬಡ್ಡಿ ಎಷ್ಟು, ಎಷ್ಟು ದಿನ, ಅವ್ವ ಯಾವುದನ್ನೂ ಕೇಳಲಿಲ್ಲ. ಸಹಿ ಮಾಡುವ ಮೊದಲು ಕೇಳಿದ್ದು ಒಂದೇ ಮಾತು: 'ಗುಂಡು ಬದಲಾಗಂಗಿಲ್ಲಲ್ರಿ?'

'ಇಲ್ಲಕ್ಕಾ, ನಿಮ್ಮ ಮುಂದೇ ಪಾಕೀಟ್ ಸೀಲ್ ಮಾಡ್ತೀವಿ. ಇದೇ ಬರ್ತದ' ಎಂದರು ಅವರು.

ಅಷ್ಟೇ ತೂಕದ, ಅಷ್ಟೇ ಶುದ್ಧದ, ತಗ್ಗಿಲ್ಲದ ಹೊಸ ಬೋರಮಾಳ ಕೊಡುತ್ತೇವೆ ಎಂದಿದ್ದರೆ ಅವ್ವ ಒಪ್ಪುತ್ತಿರಲಿಲ್ಲ. ಮನೆಗೆ ಬಂದ ಮೇಲೆ ಅಪ್ಪ, 'ಕಷ್ಟಕ್ಕ ಆಗಲಿ ಅಂತೇ ಬಂಗಾರ ಮಾಡಸೂದು. ಅದಕ್ಯಾಕ ಮಾರಿ ಸಣ್ಣ ಮಾಡ್ತಿ?' ಎಂದರು. ಅವ್ವ, 'ರೊಕ್ಕದ ಚಿಂತಿ ಅಲ್ಲರೀ. ಅದರಾಗ ನಮ್ಮವ್ವ ಅದಾಳ' ಎಂದಳು. ಇಬ್ಬರೂ ಹೇಳಿದ್ದು ಖರೇ. ಒಂದೇ ಒಡವೆ ಒಬ್ಬರಿಗೆ ಬ್ಯಾಂಕ್ ಖಾತೆ, ಇನ್ನೊಬ್ಬರಿಗೆ ತವರುಮನೆ.

ಇದನ್ನು ಓದುತ್ತಿರುವವರಲ್ಲಿ ಎಷ್ಟೋ ಜನರ ಫೀ ಹೀಗೆಯೇ ಕಟ್ಟಿರುತ್ತದೆ. ಅವರಿಗೆ ಒಂದು ಮಾತು. ಅಡವಿನ ರಸೀದಿಯನ್ನು ನೀವೇ ಓದಿ. ನಿವ್ವಳ ತೂಕ, ಕ್ಯಾರೆಟ್, ಬಡ್ಡಿ ದರ, ಕೊನೆಯ ದಿನಾಂಕ ನೋಡಿಕೊಳ್ಳಿ. ದಿನಾಂಕ ಮೀರಿದರೆ ನೋಟಿಸ್ ಬರುತ್ತದೆ, ಅದಕ್ಕೂ ಸುಮ್ಮನಿದ್ದರೆ ಒಡವೆ ಹರಾಜಿಗೆ ಹೋಗುತ್ತದೆ. ಸಾಲ ಪೂರ್ತಿ ತೀರಿದ ದಿನವೇ, ತಡವೆಂದರೆ ಏಳು ಕೆಲಸದ ದಿನಗಳೊಳಗೆ ಒಡವೆ ಮರಳಿಸಬೇಕು ಎಂದು ರಿಸರ್ವ್ ಬ್ಯಾಂಕಿನ 2025ರ ನಿರ್ದೇಶನ ಹೇಳುತ್ತದೆ. ಅವ್ವಂದಿರು ದಿನಾಂಕ ನೆನಪಿಡದೇ ಇರಬಹುದು, ಫೋನಿನಲ್ಲಿ ರಿಮೈಂಡರ್ ಹಾಕಿಕೊಳ್ಳುವ ಕೆಲಸ ನಮ್ಮದು.

ಕಲ್ಯಾಣದಲ್ಲಿ ಬರೆದ ಕಾನೂನು

ನಾನು ಓದುವ ಊರಿಗೂ 'ಯಾವ ವಸ್ತು ಯಾರದು' ಎಂಬ ಪ್ರಶ್ನೆಗೂ ಒಂಬೈನೂರು ವರ್ಷಗಳ ನಂಟಿದೆ. ರಾಜೇಶ್ವರ ದಾಟಿ, ಸಸ್ತಾಪುರ ಬಂಗ್ಲಾದಲ್ಲಿ ಹೆದ್ದಾರಿ ಬಿಟ್ಟು ಬಸ್ಸು ಹೊರಳುವ ಈ ಊರು ಒಂದು ಕಾಲಕ್ಕೆ ಚಾಲುಕ್ಯರ ರಾಜಧಾನಿ. 1076ರಿಂದ 1126ರವರೆಗೆ ಆಳಿದ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಇಲ್ಲಿ ವಿಜ್ಞಾನೇಶ್ವರ ಎಂಬ ಪಂಡಿತರಿದ್ದರು. ಅವರ ಊರು ಕಲಬುರಗಿ ಜಿಲ್ಲೆಯ ಮರತೂರು ಎನ್ನುತ್ತಾರೆ. ಯಾಜ್ಞವಲ್ಕ್ಯ ಸ್ಮೃತಿಗೆ ಅವರು ಬರೆದ ವ್ಯಾಖ್ಯಾನವೇ 'ಮಿತಾಕ್ಷರಾ'. ಅದರ ಆಸ್ತಿ ಹಂಚಿಕೆಯ ಭಾಗವನ್ನು 1810ರಲ್ಲಿ ಕೋಲ್‌ಬ್ರೂಕ್ ಇಂಗ್ಲಿಷಿಗೆ ತಂದರು. ಬ್ರಿಟಿಷರ ಕಾಲದ ನ್ಯಾಯಾಲಯಗಳಲ್ಲಿ, ಬಂಗಾಳದ ಕಡೆ ಬಿಟ್ಟು ದೇಶದ ಬಹುಭಾಗದಲ್ಲಿ, ಹಿಂದೂ ಕುಟುಂಬಗಳ ಪಾಲಿನ ವಿಚಾರಕ್ಕೆ ಅದೇ ಆಧಾರವಾಯಿತು.

ಮಿತಾಕ್ಷರಾ ಎಂದರೆ ಹೊಲ ಮನೆ ಪಾಲು ಮಾಡುವ ಪುಸ್ತಕ ಎಂದಷ್ಟೇ ನಾವು ತಿಳಿದಿರುತ್ತೇವೆ. ಅದರಲ್ಲಿ ಪಾಲು ಮಾಡಬಾರದ ವಸ್ತುಗಳ ಮಾತೂ ಇದೆ. ಒಬ್ಬರು ಉಟ್ಟ ಬಟ್ಟೆ ಉಟ್ಟವರದೇ, ಅದನ್ನು ಹಂಚುವಂತಿಲ್ಲ. ತೀರಿಕೊಂಡ ತಂದೆಯ ಬಟ್ಟೆಯನ್ನು ಮಕ್ಕಳು ಹಂಚಿಕೊಳ್ಳದೆ ಶ್ರಾದ್ಧದ ಊಟಕ್ಕೆ ಕೂತವರಿಗೆ ಕೊಡಬೇಕು. ಒಡವೆಯನ್ನು ಯಾರು ತೊಡುತ್ತಾರೋ ಅವರದು. ಯಾರೂ ತೊಡದೆ ಇಟ್ಟ ಒಡವೆ ಮಾತ್ರ ಎಲ್ಲರಿಗೂ ಸೇರಿದ್ದು, ಅದನ್ನು ಪಾಲು ಮಾಡಬಹುದು. ಬಾವಿಯನ್ನು ಮಾರಿ ರೊಕ್ಕ ಹಂಚಿಕೊಳ್ಳಬಾರದು, ಸರದಿಯ ಮೇಲೆ ನೀರು ಸೇದಿಕೊಳ್ಳಬೇಕು. ಹೆಣ್ಣುಮಕ್ಕಳ ಸ್ವಂತ ಆಸ್ತಿಯಾದ ಸ್ತ್ರೀಧನದ ವ್ಯಾಪ್ತಿಯನ್ನೂ ವಿಜ್ಞಾನೇಶ್ವರರು ಬಹಳ ಹಿಗ್ಗಿಸಿದರು. ಆ ಲೆಕ್ಕದಲ್ಲಿ ನಮ್ಮ ಅವ್ವನ ಬೋರಮಾಳ ಅವ್ವನದು ಮಾತ್ರ. ಅದನ್ನು ನನ್ನ ಫೀಗೆ ಕೊಟ್ಟಿದ್ದು ಮನೆಯವರ ಹಕ್ಕಲ್ಲ, ಅವಳ ಮನಸ್ಸು.

ಬಳಸಿದ್ದು ಬಳಸಿದವರದು, ಬಳಸದೆ ಇಟ್ಟಿದ್ದಕ್ಕೆ ಜಗಳ. ಈ ಮಾತು ಇಂದಿಗೂ ಸುಳ್ಳಾಗಿಲ್ಲ. ನಮ್ಮ ಕಡೆ ಒಂದು ಮನೆಯಲ್ಲಿ ಹೊಲವನ್ನು ಸರ್ವೇಯರ್ ಅರ್ಧ ದಿನದಲ್ಲಿ ಅಳೆದುಕೊಟ್ಟು ಹೋದರು, ಯಾರೂ ಮಾತಾಡಲಿಲ್ಲ. ಆದರೆ ತಾಯಿ ನೀರು ಕಾಸುತ್ತಿದ್ದ ಒಂದು ತಾಮ್ರದ ಹಂಡೆಗಾಗಿ ಅಣ್ಣ ತಮ್ಮಂದಿರು ವರ್ಷಗಟ್ಟಲೆ ಮಾತು ಬಿಟ್ಟರು. ಮೋಡಕಾ ಅಂಗಡಿಗೆ ಹಾಕಿದರೆ ಆ ಹಂಡೆಗೆ ಬರುವುದು ಕೆಲವು ಸಾವಿರ. ಇಬ್ಬರಿಗೂ ಬೇಕಿದ್ದದ್ದು ತಾಮ್ರವಲ್ಲ, ತಾಯಿ ತನ್ನನ್ನು ಹೆಚ್ಚು ಹಚ್ಚಿಕೊಂಡಿದ್ದಳು ಎಂಬುದಕ್ಕೆ ಒಂದು ಸಾಕ್ಷಿ. ಹಂಡೆ ಈಗಲೂ ಅಟ್ಟದ ಮೇಲಿದೆ. ಅದರಲ್ಲಿ ಯಾರೂ ನೀರು ಕಾಸಿಲ್ಲ.

ಕಟ್ಟು ಬಿಚ್ಚಿದವರು

ವಿಜ್ಞಾನೇಶ್ವರರ ನಂತರದ ತಲೆಮಾರಿನಲ್ಲಿ ಇದೇ ಊರಿನಲ್ಲಿ ಶರಣರು ಬಂದರು. 'ಇದು ಯಾರದು' ಎಂದು ಕೇಳುವ ಬದಲು ಅವರು 'ಇದು ಎಷ್ಟು ಬೇಕು' ಎಂದು ಕೇಳಿದರು. ಆಯ್ದಕ್ಕಿ ಮಾರಯ್ಯ ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಅಲ್ಲೇ ಸುರಿದು ಬರಲು ಕಳಿಸಿದ ಕಥೆ ನಮಗೆಲ್ಲ ಗೊತ್ತು. ನುಲಿಯ ಚಂದಯ್ಯನ ಕಥೆ ಇನ್ನೂ ಗಟ್ಟಿ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ದಾಸೋಹ ಮಾಡುವುದು ಅವನ ಕಾಯಕ. ಒಂದು ದಿನ ಹುಲ್ಲು ಕೊಯ್ಯುವಾಗ ಕೊರಳಿನ ಇಷ್ಟಲಿಂಗ ಕಳಚಿ ಬಿತ್ತು. ಚಂದಯ್ಯ ಕೆಲಸ ನಿಲ್ಲಿಸಲಿಲ್ಲ. ಲಿಂಗವೇ ಅವನ ಹಿಂದೆ ಬಂತು ಎಂದು ಶೂನ್ಯಸಂಪಾದನೆಯಲ್ಲಿ ಕಥೆ ಬರುತ್ತದೆ. ಶರಣನೊಬ್ಬನಿಗೆ ಮೈಮೇಲಿನ ಲಿಂಗಕ್ಕಿಂತ ಹತ್ತಿರದ ವಸ್ತು ಇನ್ನೊಂದಿಲ್ಲ. ಅಂಥದ್ದಕ್ಕಿಂತ ಮುಂದೆ ಅವನು ಕೈಯ ಕೆಲಸವನ್ನು ಇಟ್ಟ. ಬಸವಕಲ್ಯಾಣದಲ್ಲಿ ಇಂದಿಗೂ ಅವನ ಹೆಸರಿನ ಗವಿ ಇದೆ.

ಹಾಗೆಂದು ಶರಣರು ಯಾವ ವಸ್ತುವನ್ನೂ ಹಚ್ಚಿಕೊಳ್ಳಲಿಲ್ಲ ಎಂದಲ್ಲ. 12ನೇ ಶತಮಾನದಲ್ಲಿ ಕಲ್ಯಾಣದಲ್ಲಿ ಗಲಭೆಯಾಗಿ ಊರು ಬಿಡಬೇಕಾಗಿ ಬಂದಾಗ ಚೆನ್ನಬಸವಣ್ಣ, ಅಕ್ಕ ನಾಗಮ್ಮ ಮೊದಲಾದವರು ವಚನಗಳ ತಾಳೆಗರಿ ಕಟ್ಟುಗಳನ್ನು ಕಾಪಾಡಿಕೊಂಡು ಉಳವಿಯ ಕಡೆ ಹೋದರು ಎಂದು ಪರಂಪರೆ ಹೇಳುತ್ತದೆ. ಅವಸರದಲ್ಲಿ ಮನೆ ಬಿಡುವಾಗ ಏನನ್ನು ಎತ್ತಿಕೊಳ್ಳುತ್ತೇವೆ ಎಂಬುದರಲ್ಲೇ ನಮಗೆ ಯಾವುದು ಪ್ರಿಯ ಎಂಬುದು ತಿಳಿಯುತ್ತದೆ.

ಮುಂದೆ ನೂರಾರು ವರ್ಷ ಅಂಥ ಕಟ್ಟುಗಳು ಮಠಗಳಲ್ಲಿ, ಮನೆಗಳ ಜಗಲಿಯ ಮೇಲೆ ಪೂಜೆಗೊಳ್ಳುತ್ತ ಉಳಿದವು. ಭಕ್ತಿಯಿಂದ ಇಟ್ಟಿದ್ದರಿಂದಲೇ ಅವು ಉಳಿದವು. ಆದರೆ ಬಿಚ್ಚಿ ಓದುವವರು ಕಡಿಮೆಯಾಗಿದ್ದರು. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು (1880–1964) ಊರೂರು ಅಲೆದು ಕಟ್ಟುಗಳನ್ನು ಸಂಗ್ರಹಿಸಿ, ಓದಿ, ನಕಲು ಮಾಡಿ, 1923ರಲ್ಲಿ 'ವಚನಶಾಸ್ತ್ರಸಾರ' ಮೊದಲ ಭಾಗವನ್ನು ಅಚ್ಚು ಹಾಕಿಸಿದರು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನೇ ಮಾರಿದರು. ಮನೆ ಯಾರಿಗೆ ಪ್ರೀತಿಯ ವಸ್ತುವಲ್ಲ? ಇಂದು ನಾವು ಶಾಲೆಯಲ್ಲಿ ವಚನ ಕಲಿಯುತ್ತಿರುವುದರ ಹಿಂದೆ ಇಟ್ಟು ಕಾಪಾಡಿದವರೂ ಇದ್ದಾರೆ, ಬಿಚ್ಚಿ ಹಂಚಿದವರೂ ಇದ್ದಾರೆ. ಇಟ್ಟವರಷ್ಟೇ ಇದ್ದಿದ್ದರೆ ಗೆದ್ದಲಿಗೆ ಊಟವಾಗುತ್ತಿತ್ತು.

ಕೌದಿಯ ಪಾಠ

ಈ ಎರಡೂ ಕೆಲಸವನ್ನು ಒಟ್ಟಿಗೆ ಮಾಡುವ ವಸ್ತು ನಮ್ಮ ಮನೆಗಳಲ್ಲೇ ಇದೆ, ಅದು ಕೌದಿ. ಆಯಿಯ ಹಳೆಯ ಸೀರೆ, ಮುತ್ಯಾನ ಧೋತ್ರ, ಅಣ್ಣನ ಶಾಲೆಯ ಅಂಗಿ, ಸಣ್ಣಾಗಿ ಬಿಟ್ಟ ಲಂಗ. ಒಂದೊಂದಾಗಿ ನೋಡಿದರೆ ಯಾವುದೂ ಉಡಲಿಕ್ಕೆ ಬಾರದ್ದು, ಯಾವುದನ್ನೂ ಎಸೆಯಲು ಮನಸ್ಸು ಬಾರದ್ದು. ಅವನ್ನೆಲ್ಲ ಪದರ ಪದರವಾಗಿ ಹಾಸಿ, ತುಣುಕಿಗೆ ತುಣುಕು ಜೋಡಿಸಿ, ಅಂಚಿನಿಂದ ಒಳಗೆ ಸಾಲು ಸಾಲು ಹೊಲಿಗೆ ಹಾಕುತ್ತ ಬಂದರೆ ಒಂದು ಹೊದಿಕೆಯಾಗುತ್ತದೆ. ಅದನ್ನು ಯಾರೂ ಗಾಜಿನ ಕಪಾಟಿನಲ್ಲಿ ಇಡುವುದಿಲ್ಲ. ಹೊದೆಯುತ್ತೇವೆ, ಕೂಸಿನ ಕೆಳಗೆ ಹಾಸುತ್ತೇವೆ, ಒಗೆಯುತ್ತೇವೆ, ಹರಿದರೆ ಮೇಲೆ ಇನ್ನೊಂದು ತುಣುಕು ಹಚ್ಚುತ್ತೇವೆ. 'ಇದು ನಿಮ್ಮ ಮುತ್ಯಾಂದು, ಇದು ನಿಂದು' ಎಂದು ಆಯಿ ಬೆರಳಿಟ್ಟು ತೋರಿಸುತ್ತಾಳೆ. ನೆನಪು ಬೆಚ್ಚಗೆ ಇರುವುದು ಹಾಗೆ.

ಕ್ಯಾಂಪಸ್ ಆಯ್ಕೆಯ ಮೇಲ್ ಬಂದ ಕೂಡಲೇ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರು ಹೈದರಾಬಾದ್, ಪುಣೆ, ಬೆಂಗಳೂರಿಗೆ ಹೊರಡುತ್ತಾರೆ. ಪಿಜಿಯಲ್ಲಿ ಜಾಗ ಹಾಸ್ಟೆಲ್ಲಿಗಿಂತ ಕಮ್ಮಿ. ಒಂದೇ ಬ್ಯಾಗು. ಊರಿನ ಮನೆಯಲ್ಲಿ ಉಳಿದದ್ದನ್ನು ಮುಂದೊಂದು ದಿನ ಮನೆ ಹೊಸದಾಗಿ ಕಟ್ಟುವಾಗ ಯಾರೋ ಮೋಡಕಾ ಅಂಗಡಿಗೆ ಹಾಕುತ್ತಾರೆ. ಅವರದೇನೂ ತಪ್ಪಿರುವುದಿಲ್ಲ. ಅದು ಏನು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ ಅಷ್ಟೇ. ಹಿತ್ತಾಳೆ ತಂಬಿಗೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು, ತಾರೀಖು ಓದುವಷ್ಟು ಪುರುಸೊತ್ತು ತೂಕ ಮಾಡುವವರಿಗೆ ಇರುವುದಿಲ್ಲ.

ಆದ್ದರಿಂದ ಹೊರಡುವ ಮುನ್ನ ಒಂದು ಸಂಜೆ ಮನೆಯ ಹಿರಿಯರ ಹತ್ತಿರ ಕೂತು ಕೇಳಿ. ಈ ಹಂಡೆ ಯಾರು ತಂದದ್ದು? ಈ ಸರ ಯಾವ ವರ್ಷದ್ದು? ಬರೆದುಕೊಳ್ಳಿ, ಇಲ್ಲವೇ ಅವರ ದನಿಯಲ್ಲೇ ರೆಕಾರ್ಡ್ ಮಾಡಿ, ಫೋನ್ ಬದಲಿಸುವಾಗ ಅಳಿಸದಂತೆ ಬೇರೆ ಕಡೆ ಒಂದು ಪ್ರತಿ ಇಡಿ. ಬಳಸಲು ಬರುವುದನ್ನು ಅಟ್ಟದಿಂದ ಇಳಿಸಿ ಬಳಸಿ. ಕೊಡಬೇಕಾದದ್ದನ್ನು ಹಿರಿಯರು ಬದುಕಿರುವಾಗಲೇ, ಅವರ ಕೈಯಿಂದಲೇ ಕೊಡಿಸಿ. ಆಮೇಲೆ ಸಾಕ್ಷಿಗಾಗಿ ಜಗಳವಾಡುವುದು ತಪ್ಪುತ್ತದೆ. ಸೋರುವ ಪೆನ್ನಿನಂತೆ ಯಾವುದಕ್ಕೂ ಬಾರದ ಒಂದು ವಸ್ತುವನ್ನು ಸುಮ್ಮನೆ ಇಟ್ಟುಕೊಳ್ಳುತ್ತೀರಾದರೆ ಇಟ್ಟುಕೊಳ್ಳಿ. ಒಂದು ಮೊಳ ಜಾಗ ಅದಕ್ಕೂ ಇರಲಿ.

ಬೋರಮಾಳ ಈಗಲೂ ಬ್ಯಾಂಕಿನಲ್ಲಿದೆ. ಪ್ರತಿ ವರ್ಷ ರಾಶಿಯ ರೊಕ್ಕದಲ್ಲಿ ಬಡ್ಡಿ ಕಟ್ಟಿ ಹೊಸದು ಮಾಡಿಸುತ್ತೇವೆ. ನನ್ನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ರಸೀದಿಯ ದಿನಾಂಕದ ಕೆಳಗೆ ಅವ್ವ ಹೇಳಿದ್ದನ್ನೂ ಬರೆದಿಟ್ಟಿದ್ದೇನೆ: ಮಾಡಿಸಿದವಳು ಆಯಿ, ತೊಗರಿ ಬಂದ ವರ್ಷ, ನಲವತ್ತೆರಡು ಗುಂಡು, ಒಂದಕ್ಕೆ ತಗ್ಗು. ಬಿಡಿಸಿಕೊಂಡು ತಂದ ದಿನ ಅದು ಮತ್ತೆ ಟ್ರಂಕಿನ ತಳಕ್ಕೆ ಹೋಗಬಾರದು, ದಿನಾ ಕೊರಳಲ್ಲೇ ಇರಬೇಕು ಎಂದು ಅವ್ವನಿಗೆ ಈಗಲೇ ಹೇಳಿದ್ದೇನೆ. 'ಅದೆಲ್ಲ ಇರ್ಲಿ, ನೀ ಮೊದಲ ನೌಕರಿ ಹಿಡಿ' ಅನ್ನುತ್ತಾಳೆ ಅವ್ವ.